ಎದ್ದ ನೆಲದ ಮೇಲೆ ಸೀಮೆಸುಣ್ಣ

…ಬೇಡ ಮೇಸ್ತ್ರಿ, ಬೂಟು ಬಿಚ್ಚೋದು ಬೇಡ. ಬೂಟು ಬಿಚ್ಚಿ ಕಾಲಿಡೋ ಅಷ್ಟು ಮರ್ಯಾದೆ ಈ ನೆಲಕ್ಕಿಲ್ಲ. ಶಟರ್ ಇನ್ನೂ ಸ್ವಲ್ಪ ಎತ್ತಿ, ತಲೆಗೆ ತಾಗತ್ತೆ. ಹಾಂ, ಸಾಕು. ಬನ್ನಿ ಒಳಗೆ. ನಾನು ಇಲ್ಲೇ, ಅಡುಗೆಮನೆ ಬಾಗಿಲಿನ ಮೆಟ್ಟಿಲ ಮೇಲೇ ನಿಂತಿರ್ತೀನಿ. ಗ್ಯಾರೇಜಿಗೆ ಇಳಿಯಲ್ಲ. ಇಳಿದ್ರೆ ಆ ಎದ್ದ ನೆಲದ ಸಿಪ್ಪೆ ಕಾಲಿಗೆ ಅಂಟ್ಕೊಳ್ಳತ್ತೆ, ಆಮೇಲೆ ಮನೆ ತುಂಬಾ… ಕೇಳಿಸ್ತಾ? ಈಗ ಕರಕ್ ಅಂತು ನೋಡಿ, ನಿಮ್ಮ ಕಾಲ ಕೆಳಗೆ. ಅದೇ. ಅದೇ ನಿಮ್ಮ ಕಂಪನಿಯ ಹದಿನೈದು ವರ್ಷ ಬಾಳೋ ಎಪಾಕ್ಸಿ ನೆಲ. ಹಾಕಿಸಿ ಒಂದೂವರೆ ತಿಂಗಳಾಯ್ತು.

ಹೇಗಿದೆ? ಬಿಸಿಲಿಗೆ ಸುಟ್ಟು ಚರ್ಮ ಏಳ್ತಿರೋ ಬೆನ್ನು ನೋಡಿದೀರಾ? ಹಾಗೆ. ಎಳೆದ್ರೆ ಬರತ್ತೆ, ಎಳೆಯೋಕೆ ಅಸಹ್ಯ, ಎಳೆಯದೆ ಇರೋಕೂ ಆಗಲ್ಲ. ಊಟ ಆದ ಮೇಲೆ ನಾನು ಈ ಬಾಗಿಲು ತೆಗೆಯೋದೇ ಇಲ್ಲ. ಮೊದಲನೇ ಸಿಪ್ಪೆ ಎದ್ದಿದ್ದು ಕಾರಿನ ಚಕ್ರದ ಜೊತೆ. ಪೇಟೆ ಸುತ್ತಿ ಬಂದಿದ್ದೆ, ಚಕ್ರ ಬಿಸಿ ಇತ್ತು, ಒಂದು ಗಂಟೆ ನಿಲ್ಲಿಸಿ ಮತ್ತೆ ಹಿಂದಕ್ಕೆ ತೆಗೆದೆ. ಅಂಗೈ ಅಗಲ ನೆಲ ಚಕ್ರಕ್ಕೆ ಅಂಟಿ ಬೀದಿಗೆ ಬಂತು. ಎದುರುಮನೆ ರಿಟೈರ್ಡ್ ಮೇಷ್ಟ್ರು ಗೇಟಿಗೆ ಒರಗಿ ನಿಂತಿದ್ರು. 'ಏನ್ರೀ, ನೆಲಾನೂ ಜೊತೇಲಿ ಕರ್ಕೊಂಡು ಹೊರಟ್ರಾ?' ಅಂದ್ರು.

ನೀವೂ ನಗ್ತೀರಾ. ನಗಿ, ನಗಿ. ಮೇಷ್ಟ್ರೂ ಒಂದು ವಾರ ನಕ್ಕರು.

ನೋಡಿ ಮೇಸ್ತ್ರಿ, ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಕಂಪನಿಗೆ ದೂರು ಬರೆದೋನು ನಾನೇ. ಎರಡು ಪುಟ, ಏಳು ಫೋಟೋ. ನೆಲ ಹಾಕಿದೋನು ಹೆಂಡತಿ ತಮ್ಮ, ಅವನ ಮೇಲೇ ದೂರು ಬರೀತಾರಾ ಯಾರಾದ್ರೂ ಅಂತ ನೀವು ಮನಸ್ಸಲ್ಲಿ ಅಂದ್ಕೊಳ್ತಿರ್ತೀರಿ. ನನ್ನ ಹೆಂಡತಿ ಬಾಯಿಬಿಟ್ಟೇ ಅಂದ್ಲು. 'ಅವನನ್ನ ಕರೆದು ಹೇಳಿದ್ರೆ ಆಗ್ತಿರಲಿಲ್ವಾ? ಕಂಪನಿಗ್ಯಾಕೆ?' ನಾನಂದೆ, ಸಂಬಂಧ ಬೇರೆ, ನೆಲ ಬೇರೆ. ಅವಳು ಒಂದು ಬ್ಯಾಗಿಗೆ ಬಟ್ಟೆ ತುಂಬ್ಕೊಂಡು ತಮ್ಮನ ಮನೆಗೆ ಹೋದ್ಲು. ಇವತ್ತಿಗೆ ಹನ್ನೆರಡು ದಿನ. ಫೋನು ಮಾಡಿದ್ರೆ ಒಂದೇ ಮಾತು: 'ಮೇಸ್ತ್ರಿ ಬಂದು ನೋಡ್ಲಿ. ತಪ್ಪು ನನ್ನ ತಮ್ಮಂದು ಅಂತ ಅವರು ಬರೆದ್ರೆ ನಾನೇ ಬಂದು ನಿಮ್ಮ ಹತ್ರ ತಪ್ಪಾಯ್ತು ಅಂತೀನಿ. ಅಲ್ಲ ಅಂದ್ರೆ…' ಅಲ್ಲ ಅಂದ್ರೆ ಏನು ಅಂತ ಅವಳು ಮುಗಿಸಲ್ಲ. ಇಪ್ಪತ್ತೆರಡು ವರ್ಷದಿಂದ ಅವಳ ಮಾತೆಲ್ಲ ನಾನೇ ಮುಗಿಸ್ತಾ ಬಂದಿದೀನಿ. ಇದೊಂದನ್ನ ನಾನೂ ಮುಗಿಸಿಲ್ಲ.

ಆ ಕಾಗದ ತಾನೆ, ನಿಮ್ಮ ಪ್ಯಾಡಿಗೆ ಸಿಗಿಸಿರೋದು? ಗೊತ್ತು. ಕೆಲಸಗಾರನ ತಪ್ಪು ಅಂತ ಒಂದು ಚೌಕ, ಬೇರೆ ಕಾರಣ ಅಂತ ಇನ್ನೊಂದು ಚೌಕ, ಕೆಳಗೆ ಬರೆಯೋಕೆ ಎರಡು ಗೆರೆ. ಮೊದಲನೇ ಚೌಕಕ್ಕೆ ಗುರುತು ಬಿದ್ರೆ ಅವನ ಕೆಲಸ ಹೋಗತ್ತೆ. ಅದೂ ಗೊತ್ತು. ಹನ್ನೊಂದು ವರ್ಷ ನಿಮ್ಮ ಕೈಕೆಳಗೆ ದುಡಿದಿದಾನೆ, ಇನ್ನೇನು ಅವನಿಗೇ ಒಂದು ತಂಡ ಕೊಡೋದರಲ್ಲಿದ್ರಂತೆ. ನಾನೇನು ಕಲ್ಲಲ್ಲ ಮೇಸ್ತ್ರಿ. ಪಾಪ ಅನ್ನಿಸತ್ತೆ. ಆದ್ರೆ ಪಾಪ ಅಂದ ಮಾತ್ರಕ್ಕೆ ನೆಲ ಅಂಟ್ಕೊಳ್ಳತ್ತಾ?

ಆ ಪೆನ್ನು ಬಾಯಲ್ಲಿ ಇಟ್ಕೋಬೇಡಿ. ದಯವಿಟ್ಟು. ಮುಚ್ಚಳದ ತುಂಬಾ ಹಲ್ಲಿನ ಗುರುತು, ಎಷ್ಟು ವರ್ಷದ್ದೋ ಏನೋ… ನನಗೆ ನೋಡೋಕಾಗಲ್ಲ. ಬೇಜಾರು ಮಾಡ್ಕೋಬೇಡಿ. ನನ್ನ ಸ್ವಭಾವ ಹಾಗೆ.

ಅದೇನು, ಸುತ್ತಿಗೆ ಯಾಕೆ? ಓ, ಹಿಡೀಲಿ ಕುಟ್ತೀರಾ. ಟಕ್ ಅಂದ್ರೆ ಗಟ್ಟಿ, ಡೊಬ್ ಅಂದ್ರೆ ಟೊಳ್ಳು. ಸರಿ, ಸರಿ. ಟೊಳ್ಳಿರೋ ಕಡೆ ಅಂಚಿಗೆ ಸೀಮೆಸುಣ್ಣದಲ್ಲಿ ಗೆರೆ. ಶಟರ್ ಕಡೆಯಿಂದ ಶುರು ಮಾಡಿ ನನ್ನ ಕಡೆಗೆ ಬರ್ತೀರಾ. ಬನ್ನಿ. ಅವಸರ ಏನಿಲ್ಲ. ಸೀಮೆಸುಣ್ಣದ ಪುಡಿ ಮಾತ್ರ ಗಾಳಿಗೆ ಹಾರದ ಹಾಗೆ… ಆಗಲ್ಲ. ಸರಿ.

ಡೊಬ್. ಕೇಳಿದ್ರಾ? ಡೊಬ್.

ನೀವು ಮಾತೇ ಆಡಲ್ಲ ಅಂತ ಬಾಮೈದ ಹೇಳಿದ್ದ. ಮೇಸ್ತ್ರಿ ಬಾಯಿ ಮುಚ್ಕೊಂಡು ನೆಲದ ಮಾತು ಕೇಳ್ತಾರೆ ಭಾವ ಅಂದಿದ್ದ. ದೊಡ್ಡ ಮಾತು. ನಿಮ್ಮ ಬಗ್ಗೆ ಅವನಿಗೆ ದೊಡ್ಡ ಮಾತೇ. ನನ್ನ ಬಗ್ಗೆ ಏನು ಹೇಳಿದಾನೆ? ಏನೂ ಇಲ್ವಾ? ಇರಲಿ.

ಇಲ್ಲಿಂದಲೇ ಒಳಗೆ ಒಂದು ಸಲ ನೋಡಿ, ನನ್ನ ಭುಜದ ಪಕ್ಕದಿಂದ. ಅಡುಗೆಮನೆ ನೆಲದಲ್ಲಿ ಬಲ್ಬು ಕಾಣತ್ತೆ, ಅಲ್ವಾ? ಹನ್ನೆರಡು ದಿನದಿಂದ ಹೆಂಗಸಿಲ್ಲದ ಮನೆ ಅಂತ ಯಾರಾದ್ರೂ ಹೇಳೋಕಾಗತ್ತಾ? ನಾನೇ ಒರೆಸೋದು. ಅವಳಿದ್ದಾಗಲೂ ನಾನೇ. ದಿನಾ ಬೆಳಿಗ್ಗೆ ಐದೂವರೆಗೆ. ಅವಳು ಒರೆಸಿದ್ರೆ ಹಿಂದೆ ಮುಂದೆ ಎಳೆದಾಡ್ತಾಳೆ, ಒಣಗಿದ ಮೇಲೆ ನೆಲ ಎಲ್ಲ ಪಟ್ಟೆ ಪಟ್ಟೆ. ಒರೆಸೋದಕ್ಕೊಂದು ಕ್ರಮ ಇದೆ. ದೂರದ ಗೋಡೆಯಿಂದ ಶುರು ಮಾಡಬೇಕು. ಎಡದಿಂದ ಬಲಕ್ಕೆ ಒಂದು ಕಮಾನು, ಒಂದು ಹೆಜ್ಜೆ ಹಿಂದೆ, ಮತ್ತೊಂದು ಕಮಾನು. ಹೀಗೇ ಹಿಂದೆ ಹಿಂದೆ ಸರಿದು ಬಾಗಿಲಿಗೆ ಮುಗೀಬೇಕು. ನಮ್ಮ ಹೆಜ್ಜೆ ಕೂಡ ಉಳೀಬಾರದು. ಅಮ್ಮ ಕಲಿಸಿದ್ದು. ಬಕೆಟ್ಟಿಗೆ ಎರಡು ಮುಚ್ಚಳ ಹೊಳಪಿನ ದ್ರವ, ಹೆಚ್ಚೂ ಇಲ್ಲ ಕಮ್ಮೀನೂ ಇಲ್ಲ. ನಮ್ಮ ಮನೆಗೆ ಬಂದೋರು ಮೊದಲು ನೆಲ ನೋಡ್ತಾರೆ, ಆಮೇಲೆ ನನ್ನ ಮುಖ ನೋಡ್ತಾರೆ.

ಈ ಗ್ಯಾರೇಜಿಗೂ ಅಂಥಾದ್ದೇ ನೆಲ ಬೇಕು ಅಂತ ನಾನೇ ಆಸೆಪಟ್ಟೆ. ಮೊದಲಿದ್ದ ಸಿಮೆಂಟು ನೋಡಬೇಕಿತ್ತು ನೀವು. ಆಯಿಲ್ ಕಲೆ, ಬ್ಯಾಟರಿ ನೀರಿನ ಕಲೆ, ಯಾವುದೋ ಬೆಕ್ಕಿನ ಕಲೆ. ಎಷ್ಟು ತೊಳೆದ್ರೂ ಕೆಳಗಿಂದ ಮತ್ತೆ ಜಿನುಗೋದು. ಆಗ ಬಾಮೈದ ಅಂದ, 'ಎಪಾಕ್ಸಿ ಹಾಕ್ಸಿ ಭಾವ. ಅದು ಬರೀ ಬಣ್ಣ ಅಲ್ಲ. ಎರಡು ಡಬ್ಬದ್ದು ಬೆರೆಸಿದ್ರೆ ಕಲ್ಲಾಗತ್ತೆ. ಒಂದು ಹನಿ ಏನೂ ಕೆಳಗಿಳಿಯಲ್ಲ. ಬಟ್ಟೇಲಿ ಒರೆಸಿದ್ರೆ ಮುಗೀತು.' ಒರೆಸಿದ್ರೆ ಮುಗೀತು. ಆ ಮಾತಿಗೇ ನಾನು ಬಿದ್ದಿದ್ದು.

ಡೊಬ್, ಡೊಬ್, ಡೊಬ್. ಬರ್ಕೊಳ್ಳಿ.

ಮೊದಲನೇ ದಿನ ಉಜ್ಜೋ ಯಂತ್ರ ತಂದ. ಸಿಮೆಂಟಿನ ಮೇಲಿನ ತೊಗಲು ತೆಗೀಬೇಕಂತೆ, ಸಣ್ಣ ಸಣ್ಣ ರಂಧ್ರ ತೆರೀಬೇಕಂತೆ, ಆಗ ಎಪಾಕ್ಸಿ ಬೇರು ಇಳಿಸತ್ತಂತೆ. ಆರು ಗಂಟೆ ಉಜ್ಜಿದ. ಹಲ್ಲಿನ ಡಾಕ್ಟರ ಕುರ್ಚಿ ಮೇಲೆ ಇಡೀ ಮನೆಯನ್ನೇ ಕೂರಿಸಿದ ಹಾಗಿತ್ತು. ಧೂಳು ಎಳೆಯೋ ಯಂತ್ರಾನೂ ತಂದಿದ್ದ, ನಿಜ. ಎರಡು ಸಲ ಎಳೆದ. ಆದ್ರೂ ಒಂದು ಬಿಳಿ ಪುಡಿ ಉಳೀತು, ಕೈಯಿಟ್ಟು ಎತ್ತಿದ್ರೆ ಬೆರಳಿಗೆ ಪೌಡರು ಬಳಿದ ಹಾಗೆ. 'ಅಷ್ಟು ಇರತ್ತೆ ಭಾವ, ಬೆಳಿಗ್ಗೆ ಇನ್ನೊಂದು ಸಲ ಎಳೆದು ಶುರು ಮಾಡ್ತೀನಿ' ಅಂದ. ಅಷ್ಟು ಇರತ್ತಂತೆ. ಅಷ್ಟು ಯಾಕಿರಬೇಕು?

ಸಂಜೆ ಒಂದು ಲೋಟ ನೀರು ತಗೊಂಡು ಬಂದ. ಅಲ್ಲಲ್ಲಿ ಚಿಮುಕಿಸಿದ. ನೀರು ಗುಂಡಗೆ ನಿಂತ್ರೆ ನೆಲದಲ್ಲಿ ಜಿಡ್ಡಿದೆ ಅಂತ, ಹೀರ್ಕೊಂಡ್ರೆ ತಯಾರು ಅಂತ. ಹೀರ್ಕೊಳ್ತು, ಎಲ್ಲಾ ಕಡೆ. ಬಾಯಾರಿದ ದನ ಕುಡಿದ ಹಾಗೆ ಕುಡೀತು. ಫೋನಲ್ಲಿ ವಿಡಿಯೋ ಮಾಡ್ಕೊಂಡ, ನೀವು ನೋಡಿರ್ತೀರಿ. ಅಲ್ಲಿವರೆಗೂ ನಾನು ಅವನ ಕಡೆಗೇ. ಅಲ್ಲಿವರೆಗೂ ಅವನ ಕೆಲಸ ಸರಿ ಇತ್ತು ಅಂತ ದೂರಲ್ಲೂ ಬರೆದಿದೀನಿ. ಬರೆದಿಲ್ವಾ? ಬರೆಯೋಣ ಅಂದ್ಕೊಂಡಿದ್ದೆ.

ಹೋಗೋ ಮುಂಚೆ ಈ ಬಾಗಿಲಿಗೆ ಒಂದು ಕಾಗದ ಅಂಟಿಸಿದ. 'ನೆಲ ತಯಾರಿದೆ. ಇಳೀಬೇಡಿ. ನೀರು ಕೂಡ ಹಾಕಬೇಡಿ.' ದಪ್ಪ ದಪ್ಪ ಅಕ್ಷರ. ಮನೇಲಿರೋದು ನಾನು, ಅವನ ಅಕ್ಕ. ಯಾರಿಗೆ ಬರೆದ ಅದನ್ನ? ಅವಳು ಗ್ಯಾರೇಜಿಗೆ ಇಳಿಯೋದೇ ವರ್ಷಕ್ಕೊಂದು ಸಲ. ಅಂದ್ರೆ ನನಗೇ ಬರೆದಿದ್ದು. ಸ್ವಂತ ಮನೇಲಿ, ಸ್ವಂತ ಬಾಗಿಲಿಗೆ, ನನಗೆ ಬೋರ್ಡು. ಆ ಟೇಪಿನ ಅಂಟು ಇನ್ನೂ ಹೋಗಿಲ್ಲ, ಇಲ್ಲಿ ನೋಡಿ, ಮೂರು ಸಲ ಉಜ್ಜಿದೀನಿ.

ಇಲ್ಲಪ್ಪಾ, ನಾನು ಇಳಿದಿಲ್ಲ. ನೀವು ಕೇಳಲಿಲ್ಲ, ಆದ್ರೂ ಹೇಳ್ತಿದೀನಿ. ಆ ಧೂಳಿಗೆ ಯಾರು ಇಳೀತಾರೆ?

ಎರಡನೇ ದಿನ ಎಂಟು ಗಂಟೆಗೆ ಬಂದ. ಮತ್ತೆ ಧೂಳು ಎಳೆದ. ಎರಡು ಡಬ್ಬ ಬೆರೆಸಿದ, ಗಡಿಯಾರ ನೋಡ್ತಾ ಮೂರು ನಿಮಿಷ ಕಲಕಿದ. ಈಗ ಕೇಳಿ, ಇದು ಮುಖ್ಯ. ಕಲಕೋವಾಗ ಬಗ್ಗಿದ್ದ. ಮೂಗಿನ ತುದಿಯಲ್ಲಿ ಒಂದು ಬೆವರ ಹನಿ. ನೇತಾಡ್ತಾ ಇತ್ತು. ನಾನು ಈ ಮೆಟ್ಟಿಲ ಮೇಲಿಂದ ಕಣ್ಣು ಮಿಟುಕಿಸದೆ ನೋಡಿದೆ. ಬಿತ್ತೋ ಇಲ್ವೋ ಹೇಳಲ್ಲ, ಆದ್ರೆ ಮುಂದಿನ ಸಲ ನೋಡಿದಾಗ ಮೂಗಲ್ಲಿ ಇರಲಿಲ್ಲ. ದೂರಲ್ಲಿ ಇದನ್ನ ಮೂರನೇ ಅಂಶವಾಗಿ ಬರೆದಿದೀನಿ. ಒಂದು ಹನಿ ಬೆವರಿಗೆ ಇಡೀ ನೆಲ ಏಳಲ್ಲ ಅಂತೀರಾ? ಏಳಲ್ಲವೇನೋ. ಆದ್ರೆ ಅದು ಇದರ ಅಡಿಯಲ್ಲಿ ಇದೆ ಅಲ್ವಾ, ಹದಿನೈದು ವರ್ಷ?

ಬಳಿದಿದ್ದು ಮಾತ್ರ ನೇರ. ಗೋಡೆಯಿಂದ ಗೋಡೆಗೆ, ಕಾಪಿ ಪುಸ್ತಕದ ಗೆರೆ ಹಾಗೆ. ರೋಲರ್ ಒಂದಿಂಚು ಓರೆ ಹೋದ್ರೆ ಅವನಿಗೆ ಜ್ವರ ಬರತ್ತೇನೋ. ಹೋಗ್ತಾ ಬರ್ತಾ, ಹೋಗ್ತಾ ಬರ್ತಾ. ನಿಮ್ಮ ಪಾಠ ಇರ್ಬೇಕು. ಮೇಲೆ ಬಣ್ಣದ ಚೂರು ಎರಚಿದ. ಅದು ಚೆಂದಕ್ಕಂತೆ. ಅಜೀರ್ಣ ಆದ ಮಗು ಕಕ್ಕಿದ್ದು ನೆನಪಾಗತ್ತೆ ನನಗೆ. ಅದು ರುಚಿಯ ವಿಷಯ, ಬಿಡಿ, ಬರ್ಕೋಬೇಡಿ.

ಆ ಬೆಂಚಿನ ಕೆಳಗೂ ತೂರ್ತೀರಾ? ಗೋಡೆಗೆ ಜಡಿದಿರೋದು ಅದು, ಅಲುಗಲ್ಲ. ತಲೆ ಜೋಪಾನ. …ಟಕ್. ಟಕ್, ಟಕ್. ಹಾಂ, ಅಲ್ಲಿ ಗಟ್ಟಿ ಇದೆ. ಅಲ್ಲಿ ಗಟ್ಟಿ ಇದ್ದೇ ಇರತ್ತೆ. ಅಲ್ಲಿ ಬಗ್ಗಿ ಒಳಗೆ ಹೋಗೋಕೆ ನನ್ನ ಸೊಂಟ… ಅಂದ್ರೆ, ಯಾರ ಸೊಂಟಾನೂ ಬಗ್ಗಲ್ಲ ಅಂತ. ಬಾಮೈದ ಮಲಗಿಕೊಂಡು ಬಳಿದ ಅಲ್ಲಿ, ಪಾಪ. ಕಷ್ಟಪಟ್ಟ ಕಡೆ ಅಂಟ್ಕೊಂಡಿದೆ, ಬೇರೆ ಕಡೆ ಅಸಡ್ಡೆ. ಹಾಗೆ ಬರೀಬಹುದು.

ಯಾಕೆ ಹಾಗೆ ನೋಡಿದ್ರಿ?

ಸರಿ, ಕುಟ್ಟಿ. ನಾನು ಮಾತಾಡಲ್ಲ.

…ಟೀ ಮಾಡ್ಲಾ? ಬೇಡ. ಒಳ್ಳೇದಾಯ್ತು, ಲೋಟ ತೊಳೆದು ಒರೆಸಿ ಇಟ್ಟಾಗಿದೆ.

ಅದ್ಯಾಕೆ ಆ ಸಿಪ್ಪೆ ಎತ್ಕೊಂಡ್ರಿ? ತಿರುಗಿಸಿ ಅಡಿ ನೋಡ್ತೀರಾ. ಮೇಲೇ ಅಷ್ಟು ಚೆಂದ, ಇನ್ನು ಅಡಿ… ನುಣ್ಣಗಿದೆ. ಸಿಮೆಂಟಿನ ಒಂದು ಕಣಾನೂ ಅಂಟಿಲ್ಲ. ಅಂದ್ರೆ ಹಿಡಿದೇ ಇಲ್ಲ. ಅಂದ್ರೆ ಬೆರೆಸಿದ್ದು ಸರಿ ಇಲ್ಲ, ಅಲ್ವಾ? ಬೆರೆಸಿದ್ದು ಸರಿ ಇಲ್ಲದಿದ್ರೆ ಮೆತ್ತಗಿರತ್ತಾ? ಇದು ಗಟ್ಟಿ ಇದೆ, ಹೌದು, ಬಗ್ಗಿಸಿದ್ರೆ ಮುರೀತು. ಹಾಗಾದ್ರೆ… ಹೆಬ್ಬೆರಳು ಆಡಿಸ್ತೀರಾ ಅದರ ಮೇಲೆ. ಜಾರತ್ತಾ? ನನಗೆ ಕೊಡಬೇಡಿ. ನಾನು ಮುಟ್ಟಲ್ಲ. ಬೇಡ ಅಂದ್ನಲ್ಲ ಮೇಸ್ತ್ರಿ, ನನಗೆ ಆಗಲ್ಲ ಇಂಥದ್ದೆಲ್ಲ.

ನೋಡಿ, ಒಂದು ತಪ್ಪು ಅವನದ್ದು ಖಂಡಿತ ಇದೆ. ನಾನು ಕಣ್ಣಾರೆ ಕಂಡಿದ್ದು. ಎರಡನೇ ದಿನ ಬೆಳಿಗ್ಗೆ ಬಳಿಯೋ ಮುಂಚೆ ಮತ್ತೆ ನೀರು ಚಿಮುಕಿಸಿ ನೋಡ್ಲಿಲ್ಲ. ನಿಯಮ ಅದು, ಅಲ್ವಾ? ಸಂಜೆ ನೋಡಿದ್ರೂ ಬೆಳಿಗ್ಗೆ ನೋಡಬೇಕು. ನೋಡ್ಲಿಲ್ಲ. ಇದನ್ನ ಬರ್ಕೊಳ್ಳಿ. ಯಾಕೆ ನೋಡ್ಲಿಲ್ಲ ಅಂತ ಅವನನ್ನೇ ಕೇಳಿ ಬೇಕಾದ್ರೆ.

ಕೇಳಿದ್ರಾ?

ಏನಂದ?

ತಲೆ ಆಡಿಸಿದ್ರೆ ನನಗೇನು ಗೊತ್ತಾಗತ್ತೆ. ಏನೂ ಅನ್ನಲಿಲ್ವಾ? ನಾನು… ನನ್ನ ಹೆಸರು ಏನಾದ್ರೂ… ಇಲ್ವಾ. ಮತ್ತೆ? ಕಾಗದದಲ್ಲಿ ಇದೆಯಾ ಅವನ ಹೇಳಿಕೆ? ತೋರ್ಸಿ, ದೂರದಿಂದಲೇ ಹಿಡೀರಿ. 'ಬೆಳಿಗ್ಗೆ ನೀರಿನ ಪರೀಕ್ಷೆ ಮಾಡಲು ಮರೆತೆ.' ಮರೆತೆ ಅಂತ ಬರೆದಿದಾನೆ. ರುಜು ಬೇರೆ ಹಾಕಿದಾನೆ.

ಮರೆತೆ.

ಹಾಗಾದ್ರೆ ಮುಗೀತಲ್ಲ. ಅವನೇ ಒಪ್ಕೊಂಡ ಮೇಲೆ ನೀವ್ಯಾಕೆ ಬರಬೇಕಿತ್ತು, ಮೊಣಕಾಲೂರಿ ಇಷ್ಟುದ್ದ ಯಾಕೆ ಕುಟ್ಟಬೇಕಿತ್ತು… ಹನ್ನೊಂದು ವರ್ಷದಲ್ಲಿ ಅವನು ಏನನ್ನಾದ್ರೂ ಮರೆತಿದ್ದು ನೀವು ನೋಡಿಲ್ಲ. ಅದಕ್ಕೆ ಬಂದ್ರಿ. ಅಲ್ವಾ?

ಇನ್ನೂ ಎಷ್ಟು ಉಳಿದಿದೆ? ನನ್ನ ಕಾಲ ಹತ್ರಾನೇ ಬಂದುಬಿಟ್ರಿ. ಡೊಬ್. ಹಾಂ, ಇಲ್ಲೂ ಡೊಬ್. ಮೆಟ್ಟಿಲವರೆಗೂ ಡೊಬ್. ಗೆರೆ ಎಳೀರಿ. ಮುಗೀತಾ?

ಏಳಿ, ನಿಧಾನಕ್ಕೆ. ಬೆನ್ನು ಹಿಡ್ಕೊಳ್ತಾ? ಯಾಕೆ ಶಟರ್ ಹತ್ರ ಹೋಗಿ ನಿಂತ್ರಿ? ಏನು ತೋರಿಸ್ತೀರಿ? ನೆಲ ನೋಡ್ಬೇಕಾ? ನೆಲ ನೋಡ್ತಾನೇ ಇದೀನಿ ಒಂದೂವರೆ ತಿಂಗಳಿಂದ. ನಿಮ್ಮ ಸೀಮೆಸುಣ್ಣದ ಗೆರೆ ತಾನೆ. ಸರಿ, ನೋಡಿದೆ. ಅಲ್ಲಿಂದ ಶುರುವಾಗಿದೆ, ಎಡದಿಂದ ಬಲಕ್ಕೆ… ಆಮೇಲೆ ಒಂದು ಹೆಜ್ಜೆ ಈಚೆಗೆ… ಎಡದಿಂದ ಬಲಕ್ಕೆ…

ನೀವೇ ಸುಮ್ಮನೆ ಹಾಗೆ ಎಳೆದಿದೀರಿ. ಅಂದಾಜಿಗೆ.

ಅಂದಾಜಿಗಲ್ಲ. ಕುಟ್ಟಿ ಕುಟ್ಟಿ ಎಳೆದ್ರಿ, ನಾನೇ ನಿಂತು ನೋಡಿದೀನಿ.

ಹದಿಮೂರು ಇವೆ. ಎಣಿಸಬೇಡಿ ಮೇಸ್ತ್ರಿ, ನಾನು ಎಣಿಸಿದೆ. ಹದಿಮೂರು ಕಮಾನು. ಕೊನೇದು ಈ ಮೆಟ್ಟಿಲಿಗೆ ಬಂದು ನಿಂತಿದೆ. ರೋಲರ್ ನೇರ ಹೋಗತ್ತೆ, ಹೌದು, ನಾನೇ ಹೇಳಿದೆ. ಕಾಪಿ ಪುಸ್ತಕ ಅಂತ ನಾನೇ ಹೇಳಿದೆ.

ಏನಾದ್ರೂ ಮಾತಾಡಿ. ಬೈದ್ರೂ ಪರವಾಗಿಲ್ಲ.

…ಬಾಗಿಲ ಕೆಳಗಿಂದ ಬರ್ತಿತ್ತು ಆ ಪುಡಿ. ಬೆಳಿಗ್ಗೆ ಐದೂವರೆಗೆ ಅಡುಗೆಮನೆ ಒರೆಸೋಕೆ ಬಂದೆ, ಹೊಸ್ತಿಲ ಉದ್ದಕ್ಕೂ ಬಿಳೀ ಗೆರೆ. ಒರೆಸಿದೆ. ಬಕೆಟ್ ತೊಳೆದು ಬಂದೆ, ಮತ್ತೆ ಗೆರೆ. ಬಾಗಿಲು ತೆಗೆದು ನೋಡಿದ್ರೆ ಇಡೀ ನೆಲ ಬೂದಿ ಮೆತ್ತಿದ ಹಾಗೆ, ಅದರ ಮೇಲೆ ಅವನ ಬೂಟಿನ ಗುರುತು, ಎಲ್ಲಾ ಕಡೆ ಬೂಟಿನ ಗುರುತು. ನನಗೆ ಮೈಯೆಲ್ಲಾ ಕಡಿಯೋಕೆ ಶುರುವಾಯ್ತು. ಅವನು ಬರೋಕೆ ಇನ್ನೂ ಎರಡೂವರೆ ಗಂಟೆ. ಅಷ್ಟು ಹೊತ್ತು ಆ ಕಡೆ ಅದು, ಈ ಕಡೆ ನಾನು. ಒಂದು ಸಲ ಒರೆಸಿದ್ರೆ ಏನಾಗತ್ತೆ ಅಂದ್ಕೊಂಡೆ. ಕೊಳೆ ತೆಗೆದಿದ್ದಕ್ಕೆ ಯಾರಾದ್ರೂ ಬೈತಾರಾ? ಎರಡು ಮುಚ್ಚಳ ಹಾಕಿದೆ. ಗ್ಯಾರೇಜು ಅಂತ ಇನ್ನೊಂದು ಮುಚ್ಚಳ. ಮತ್ತೆ ಒಣಬಟ್ಟೆ ಎಳೆಯೋ ಕೆಲಸಾನೂ ಇರಲಿಲ್ಲ, ನೆಲ ಹೀರ್ಕೊಂಡೇ ಬಿಡ್ತು. ಏಳು ಗಂಟೆಗೆಲ್ಲ ಒಣಗಿತ್ತು. ನನ್ನ ಹೆಜ್ಜೆ ಒಂದೂ ಇರಲಿಲ್ಲ.

ಆ ಹೊಳಪಿನ ದ್ರವದಲ್ಲಿ ಮೇಣ ಇರತ್ತಂತೆ, ಮೇಣದ ಮೇಲೆ ಎಪಾಕ್ಸಿ ಹಿಡಿಯಲ್ಲ. ಡಬ್ಬದ ಹಿಂದೆ ಬರೆದಿದೆ. ಮೊದಲನೇ ಸಿಪ್ಪೆ ಎದ್ದ ದಿನ ಓದಿದೆ. ದೂರು ಬರೆದಿದ್ದು ಅದರ ಮಾರನೇ ದಿನ.

ಅವನು ಮರೆತಿರಲಿಲ್ಲ, ಮೇಸ್ತ್ರಿ. ಎಂಟು ಗಂಟೆಗೆ ಬಂದು ಇಲ್ಲೇ, ಈ ಬಾಗಿಲಲ್ಲೇ ನಿಂತಿದ್ದ, ಆ ಕಾಗದ ಕೀಳ್ತಾ. ಇನ್ನೊಂದು ಕೈಯಲ್ಲಿ ನೀರಿನ ಲೋಟ ಇತ್ತು. ನೆಲ ನೋಡಿದ. ಬೂಟಿನ ಗುರುತು ಇಲ್ಲದ್ದು ಕಾಣಿಸ್ತೋ ಏನೋ, ನನ್ನ ಮುಖ ನೋಡಿದ. 'ಭಾವ, ಯಾರೂ ಇಳಿದಿಲ್ಲ ತಾನೆ?' ಅಂದ. ಅಕ್ಕ ಅಲ್ಲೇ ಹಿಂದೆ ನಿಂತಿದ್ಲು. ಅವಳೆದುರಿಗೆ ನಾನು… ದಿನಾ ಅವಳ ಕೈ ಕೆಲಸದಲ್ಲಿ ತಪ್ಪು ಹುಡುಕೋ ನಾನು…

ಇಲ್ಲ ಅಂದೆ.

ನೀರಿನ ಲೋಟ ಕೆಳಗಿಟ್ಟ. ಮತ್ತೆ ಕೇಳಲಿಲ್ಲ. ಭಾವ ಇಲ್ಲ ಅಂದ ಮೇಲೆ ನೀರು ಹಾಕಿ ನೋಡಿದ್ರೆ ಚೆನ್ನಾಗಿರಲ್ಲ ಅಂತ ಇಟ್ಟ.

ಇದೇನು, ಪ್ಯಾಡು ನನಗ್ಯಾಕೆ ಕೊಡ್ತೀರಿ? ಬರೆಯೋದು ನೀವು. ನಿಮ್ಮ ಕೆಲಸ ಅದು. ಗುರುತು ಹಾಕೋದು ನೀವು, ಕೆಳಗಿನ ಎರಡು ಗೆರೆ… ಕೆಳಗಿನ ಎರಡು ಗೆರೆ ನಾನಾ?

ಎರಡು ಗೆರೆ ಸಾಲಲ್ಲ. ಹಿಂದೆ ಬರೀಬಹುದಾ?

ಆಗಲಿ. ಇಳಿದು ಬರ್ತೀನಿ, ಇರಿ. …ಕರಕ್ ಅಂತು. ಪರವಾಗಿಲ್ಲ. ಪೆನ್ನು ಕೊಡಿ.

ಬೇಡ, ಅಂಗಿಗೆ ಒರೆಸಬೇಡಿ. ಹಾಗೇ ಕೊಡಿ.